ನೇಗಿಲ ಕಬ್ಬಿಣದ ಕವಚ

ದರೋಡೆಗಾರನೊಬ್ಬನ ಜೀವನವನ್ನು ಭಾನುವಾರದ ಬೆಳಗಿನಲ್ಲಿ ಓದಿಸುವುದು ಸಜ್ಜನಿಕೆಯೇ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬುಗಂಟಿಕ್ಕಿಯಾರು. ಆದರೆ ನೆಡ್ ಕೆಲ್ಲಿಯದು ಬರಿಯ ದರೋಡೆಗಾರನ ಬಾಳಲ್ಲ. ಆಸ್ಟ್ರೇಲಿಯಾ ದೇಶದಲ್ಲಿ ಅವನ ಹೆಸರಿನಷ್ಟು ಜನರ ನಾಲಗೆಯ ಮೇಲೆ ನಲಿದಾಡಿದ ಹೆಸರುಗಳು ಹೆಚ್ಚಿಲ್ಲ. ಅವನು ಗಲ್ಲಿಗೇರಿದ್ದು 1880ರಲ್ಲಿ, ಇಪ್ಪತ್ತೈದರ ಹರಯದಲ್ಲಿ. ಅಂದಿನಿಂದ ಇಂದಿನವರೆಗೆ ಆ ನಾಡು ಅವನ ವಿಷಯದಲ್ಲಿ ಎರಡು ಪಕ್ಷವಾಗಿ ನಿಂತಿದೆ. ಒಂದು ಪಕ್ಷಕ್ಕೆ ಅವನು ಬಡವರ ಬಂಟ. ಇನ್ನೊಂದಕ್ಕೆ ಮೂವರು ಪೋಲೀಸರ ರಕ್ತದಲ್ಲಿ ಕೈ ತೊಳೆದ ಪಾತಕಿ. ಈ ವ್ಯಾಜ್ಯವನ್ನು ತೀರ್ಮಾನಿಸುವ ಹಟ ನನಗಿಲ್ಲ. ಬೀದಿಯ ಹೊಡೆದಾಟ, ಕುದುರೆಗಳ್ಳತನಗಳಿಂದ ಆರಂಭಿಸಿದ ಹುಡುಗನೊಬ್ಬ ಪೋಲೀಸರಿಂದ ತುಂಬಿದ ರೈಲುಗಾಡಿಯನ್ನೇ ಉರುಳಿಸಿ ಕೊಲ್ಲುವ ಹಂಚಿಕೆಗೆ ಹೇಗೆ ಬಂದು ಮುಟ್ಟಿದ, ಆ ದಾರಿಯ ಮೆಟ್ಟಿಲುಗಳಾವುವು ಎಂಬುದಷ್ಟೇ ನನ್ನ ಕುತೂಹಲ.

ತಂದೆ ಜಾನ್ ಕೆಲ್ಲಿ ಐರ್ಲೆಂಡಿನ ಟಿಪರೇರಿಯವನು. ಎರಡು ಹಂದಿಗಳನ್ನು ಕದ್ದ ತಪ್ಪಿಗೆ ಏಳು ವರ್ಷದ ಗಡೀಪಾರಿನ ಶಿಕ್ಷೆ ಹೊತ್ತು, ಇಂದು ಟಾಸ್ಮೇನಿಯಾ ಎಂದು ಕರೆಯುವ ದ್ವೀಪಕ್ಕೆ ಹಡಗಿನಲ್ಲಿ ಬಂದಿಳಿದವನು. ಶಿಕ್ಷೆ ಮುಗಿದ ಮೇಲೆ ಸಮುದ್ರ ದಾಟಿ ವಿಕ್ಟೋರಿಯಾ ಪ್ರಾಂತ್ಯಕ್ಕೆ ಬಂದು, 1850ರಲ್ಲಿ ಎಲೆನ್ ಕ್ವಿನ್ ಎಂಬ ಐರಿಷ್ ಹುಡುಗಿಯನ್ನು ಮದುವೆಯಾದ. ಅವರ ಹಿರಿಯ ಮಗ ಎಡ್ವರ್ಡ್, ಅಂದರೆ ನೆಡ್, ಮೆಲ್ಬೋರ್ನಿನ ಉತ್ತರಕ್ಕಿರುವ ಬೆವರಿಜ್ ಎಂಬಲ್ಲಿ ಹುಟ್ಟಿದ. 1854ರ ಡಿಸೆಂಬರು ಎಂಬುದು ಹಲವರ ಎಣಿಕೆ. ಮುಂದೆ ಸಂಸಾರ ಏವನೆಲ್ ಎಂಬ ಊರಿಗೆ ಬಂದಿತು. ಅಲ್ಲಿಯ ಹಳ್ಳದಲ್ಲಿ ಮುಳುಗುತ್ತಿದ್ದ ರಿಚರ್ಡ್ ಶೆಲ್ಟನ್ ಎಂಬ ಏಳು ವರ್ಷದ ಬಾಲಕನನ್ನು ನೆಡ್ ನೀರಿಗೆ ಹಾರಿ ಎತ್ತಿ ತಂದ. ಕೃತಜ್ಞರಾದ ಆ ಮನೆಯವರು ಅವನಿಗೆ ಚಿನ್ನದ ಬಣ್ಣದ ಅಂಚಿದ್ದ ಹಸಿರು ರೇಷ್ಮೆಯ ಪಟ್ಟಿಯೊಂದನ್ನು ಉಡುಗೊರೆ ಕೊಟ್ಟರು. ವಾಚಕರು ಈ ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

1865ರಲ್ಲಿ ತಂದೆಯ ಬಳಿ ಕದ್ದ ಕರುವಿನ ತೊಗಲು ಸಿಕ್ಕಿತೆಂದು ಇಪ್ಪತ್ತೈದು ಪೌಂಡು ದಂಡ ಬಿದ್ದಿತು. ದಂಡ ತೆರಲಾರದೆ ಸೆರೆಗೆ ಹೋದ. ಹೊರಗೆ ಬಂದವನು ಕುಡಿತಕ್ಕೆ ಬಲಿಬಿದ್ದು ಮೈ ಬಾತುಕೊಂಡು 1866ರ ಡಿಸೆಂಬರಿನಲ್ಲಿ ತೀರಿಕೊಂಡ. ನೆಡ್‌ಗೆ ಆಗ ಹನ್ನೆರಡರ ಸುಮಾರು. ಮನೆತುಂಬ ಮಕ್ಕಳು. ಎಲೆನ್ ಅವರನ್ನೆಲ್ಲ ಕಟ್ಟಿಕೊಂಡು ಪ್ರಾಂತ್ಯದ ಈಶಾನ್ಯಕ್ಕೆ, ತನ್ನ ಬಂಧುಗಳಿದ್ದ ಗ್ರೀಟಾ ಸೀಮೆಗೆ ಹೋಗಿ, ಹನ್ನೊಂದು ಮೈಲಿ ಹಳ್ಳವೆಂಬಲ್ಲಿ 88 ಎಕರೆ ಜಮೀನನ್ನು ಸರ್ಕಾರದಿಂದ ಹಿಡಿದಳು.

ಈ ಜಮೀನಿನ ಪದ್ಧತಿಯನ್ನು ಸ್ವಲ್ಪ ತಿಳಿಯದೆ ಕೆಲ್ಲಿಯ ಕಥೆ ಅರ್ಥವಾಗದು. 1860ರ ದಶಕದ ಭೂಶಾಸನಗಳು ಬಡವರಿಗೂ ಭೂಮಿ ದೊರೆಯಲೆಂದೇ ಹುಟ್ಟಿದವು. ಆದರೆ ಒಳ್ಳೆಯ ನೆಲವೆಲ್ಲ ಅದಾಗಲೇ ಸಾವಿರಾರು ಎಕರೆಗಳ ಹುಲ್ಲುಗಾವಲಿನ ಒಡೆಯರ ಕೈಸೇರಿತ್ತು. ಬಡ ಒಕ್ಕಲಿಗೆ ಉಳಿದದ್ದು ಒರಟು ನೆಲ. ಅದಕ್ಕೂ ಬೇಲಿ ಹಾಕಬೇಕು, ಉಳಬೇಕು, ವರ್ಷ ವರ್ಷ ಕಂತು ಕಟ್ಟಬೇಕು. ಒಕ್ಕಲಿನ ದನವೋ ಕುದುರೆಯೋ ಒಡೆಯನ ಹುಲ್ಲಿಗೆ ಬಾಯಿ ಹಾಕಿದರೆ ದೊಡ್ಡಿಗೆ ಹೋಗುತ್ತಿತ್ತು. ಬಿಡಿಸಿಕೊಳ್ಳಲು ಮತ್ತೆ ಹಣ. ಹಳ್ಳಿಯ ಪಾಲಿಗೆ ಪೋಲೀಸನೆಂದರೆ ಬಹುಮಟ್ಟಿಗೆ ಈ ವ್ಯವಸ್ಥೆಯ ಕಾವಲುಗಾರನೆಂದೇ ಭಾವನೆ. ದನದ ದೊಡ್ಡಿಯಿಂದ ಹುಟ್ಟಿದ ಮನಸ್ತಾಪ ಎಷ್ಟು ತಲೆಗಳನ್ನು ಉರುಳಿಸಬಲ್ಲದೆಂಬುದನ್ನು ಹಳ್ಳಿಯನ್ನು ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಕೆಲ್ಲಿಯ ಮನೆ ಋಷ್ಯಾಶ್ರಮವಾಗಿರಲಿಲ್ಲ. ತಾಯಿ ಪರವಾನಗಿಯಿಲ್ಲದೆ ಹೆಂಡ ಮಾರುತ್ತಿದ್ದಳು. ಸೋದರಮಾವಂದಿರೂ ಚಿಕ್ಕಪ್ಪಂದಿರೂ ಸೆರೆಮನೆಯ ಹಾದಿಯನ್ನು ಚೆನ್ನಾಗಿ ಬಲ್ಲವರು. ಹದಿನಾಲ್ಕರ ನೆಡ್ ಆ ದಾರಿಯಾಗಿ ಹೋಗುತ್ತಿದ್ದ ಚೀಣೀ ವ್ಯಾಪಾರಿಯೊಬ್ಬನನ್ನು ಹೊಡೆದು ದೋಚಿದನೆಂಬ ಆಪಾದನೆಗೆ ಸಿಕ್ಕಿ ಬಿಡುಗಡೆ ಹೊಂದಿದ. ಮರುವರ್ಷ, 1870ರಲ್ಲಿ, ಹ್ಯಾರಿ ಪವರ್ ಎಂಬ ಮುಪ್ಪಿನ ದಾರಿಗಳ್ಳನ ಹಿಂದೆ ಕುದುರೆ ಹಿಡಿಯುವ ಶಿಷ್ಯನಾಗಿ ತಿರುಗಿದ. ಪವರ್ ಸಿಕ್ಕಿಬಿದ್ದಾಗ ಸುಳಿವು ಕೊಟ್ಟವನು ಈ ಹುಡುಗನೇ ಎಂದು ಊರು ಆಡಿಕೊಂಡಿತು. ಸುಳಿವು ಕೊಟ್ಟವನು ಬಂಧುವೇ ಆದ ಬೇರೊಬ್ಬ. ಆದರೆ ದ್ರೋಹಿಯೆಂಬ ಆ ಸುಳ್ಳು ಮಾತು ಹುಡುಗನ ಎದೆಯಲ್ಲಿ ಮುಳ್ಳಾಗಿ ನಟ್ಟಿತು. ಮುಂದೆ ಅವನ ತಂಡ ಗೂಢಚಾರರ ವಿಷಯದಲ್ಲಿ ತೋರಿದ ಕ್ರೌರ್ಯಕ್ಕೆ ಇಲ್ಲಿಯೇ ಬೇರಿದೆಯೆಂದು ನನಗೆ ತೋರುತ್ತದೆ. ಅದೇ ವರ್ಷ, ಮಕ್ಕಳಿಲ್ಲದ ತಿರುಗು ವ್ಯಾಪಾರಿಯ ದಂಪತಿಗಳನ್ನು ಹಂಗಿಸುವ ಹೊಲಸು ಕಾಗದವೊಂದನ್ನು ತಲುಪಿಸಿದ್ದಕ್ಕೂ ಆ ವ್ಯಾಪಾರಿಯನ್ನು ಹೊಡೆದದ್ದಕ್ಕೂ ಕೆಲವು ತಿಂಗಳ ಕಠಿಣ ಸಜೆಯಾಯಿತು. ಇದನ್ನು ಅವನ ಸ್ತೋತ್ರಕಾರರು ಮೆಲ್ಲನೆ ದಾಟಿಸಿಬಿಡುತ್ತಾರೆ.

ಮುಂದಿನ ಪೆಟ್ಟು 1871ರದು. ವೈಲ್ಡ್ ರೈಟ್ ಎಂಬ ಗೆಳೆಯ ಬಿಟ್ಟುಹೋದ ಹೆಣ್ಣುಕುದುರೆಯನ್ನು ಏರಿ ನೆಡ್ ಊರೊಳಗೆ ಸವಾರಿ ಬಂದ. ಅದು ಮ್ಯಾನ್ಸ್‌ಫೀಲ್ಡಿನ ಅಂಚೆಯ ಅಧಿಕಾರಿಯದು. ಹಾಲ್ ಎಂಬ ಪೇದೆ ಅವನನ್ನು ಹಿಡಿಯಹೋಗಿ, ಪಿಸ್ತೂಲಿನ ಕುದುರೆಯೆಳೆದ, ಗುಂಡು ಹಾರಲಿಲ್ಲ. ಬಳಿಕ ಅದೇ ಪಿಸ್ತೂಲಿನ ಹಿಡಿಯಿಂದ ಹುಡುಗನ ತಲೆಯನ್ನು ಜಜ್ಜಿದ. ಗಾಯಕ್ಕೆ ಹೊಲಿಗೆ ಹಾಕಬೇಕಾಯಿತು. ಕುದುರೆಯನ್ನು ಒಯ್ದ ರೈಟ್‌ಗೆ ಹದಿನೆಂಟು ತಿಂಗಳು. ಅದನ್ನು ಇರಿಸಿಕೊಂಡ ಹದಿನಾರರ ನೆಡ್‌ಗೆ ಮೂರು ವರ್ಷ! ನ್ಯಾಯದ ತಕ್ಕಡಿ ತನ್ನ ವಿಷಯದಲ್ಲಿ ಸಮವಾಗಿ ತೂಗುವುದಿಲ್ಲವೆಂಬ ನಂಬಿಕೆ ಅವನಲ್ಲಿ ಬಲಿಯಲು ಇದಕ್ಕಿಂತ ಹೆಚ್ಚಿನ ಪಾಠ ಬೇಕಿರಲಿಲ್ಲ. 1874ರ ಫೆಬ್ರವರಿಯಲ್ಲಿ ಹೊರಗೆ ಬಂದವನು ಮಾಡಿದ ಮೊದಲ ಕೆಲಸಗಳಲ್ಲೊಂದು ರೈಟ್‌ನೊಡನೆ ಬೀಚ್‌ವರ್ತ್ ಊರಿನಲ್ಲಿ ಇಪ್ಪತ್ತು ಸುತ್ತು ಮುಷ್ಟಿಯುದ್ಧವಾಡಿ ಗೆದ್ದದ್ದು. ಆಮೇಲೆ ಇಬ್ಬರೂ ಸ್ನೇಹಿತರಾದರು.

ಅಲ್ಲಿಂದ ಎರಡು ಮೂರು ವರ್ಷ ನೆಡ್ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಮೈಮುರಿದು ದುಡಿದ. ಜೀವನಚರಿತ್ರಕಾರರು ಈ ಭಾಗವನ್ನು ಬೇಗ ಓಡಿಸುತ್ತಾರೆ, ಇದರಲ್ಲಿ ಗುಂಡಿನ ಸದ್ದಿಲ್ಲವಲ್ಲ! ಆದರೆ ನನ್ನ ಮಟ್ಟಿಗೆ ಇದೇ ಅತ್ಯಂತ ನೋವಿನ ಭಾಗ. ಒಳ್ಳೆಯ ದುಡಿಮೆಗಾರನೆಂದು ಹೆಸರಾಗಿದ್ದವನು ಆ ಬಾಳಿನಲ್ಲಿ ನಿಲ್ಲದೆ ಹೋದ. ತಾಯಿ ಜಾರ್ಜ್ ಕಿಂಗ್ ಎಂಬ ಕ್ಯಾಲಿಫೋರ್ನಿಯದ ತರುಣನನ್ನು ಮರುಮದುವೆಯಾಗಿದ್ದಳು. ಆ ಮಲತಂದೆಯೊಡನೆ ಸೇರಿ ನೆಡ್ ಕುದುರೆ ಕದ್ದು ಗಡಿ ದಾಟಿಸಿ ಮಾರುವ ವ್ಯವಹಾರವನ್ನು ದೊಡ್ಡ ಪ್ರಮಾಣದಲ್ಲಿ ಹೂಡಿದ. ವಿಟ್ಟಿ ಎಂಬ ಹುಲ್ಲುಗಾವಲಿನ ಒಡೆಯ ದೊಡ್ಡಿಯ ಅಸ್ತ್ರದಿಂದ ಬಡವರನ್ನು ಪೀಡಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಅವನ ಸಮರ್ಥನೆ. ಕಾರಣ ನಿಜವಿದ್ದೀತು, ಮಾರಿದ ಹಣ ಸೇರಿದ್ದು ಅವನ ಜೇಬಿಗೆ.

ಪೋಲೀಸರ ಕಡೆಯ ಮನಸ್ಸೂ ಆ ಹೊತ್ತಿಗೆ ಗಟ್ಟಿಯಾಗಿತ್ತು. 1877ರಲ್ಲಿ ಎಲೆನಳ ಗುಡಿಸಲನ್ನು ನೋಡಿಹೋದ ನಿಕಲ್ಸನ್ ಎಂಬ ಹಿರಿಯ ಅಧಿಕಾರಿ, ಆ ಮನೆಯವರು ಎಷ್ಟು ಅಲ್ಪವಾದ ತಪ್ಪಿಗೇ ಸಿಕ್ಕಲಿ, ಸೆರೆಮನೆಗೆ ಕಳಿಸಿ ಅವರ ಮೆರೆತವನ್ನು ತಗ್ಗಿಸಬೇಕೆಂದು ವರದಿ ಬರೆದ. ಆ ವರ್ಷವೇ ಬೆನಾಲ ಊರಿನಲ್ಲಿ ಕುಡಿದು ಸಿಕ್ಕಿದ ನೆಡ್‌ನನ್ನು ನಾಲ್ಕಾರು ಮಂದಿ ಸೇರಿ ಹಿಡಿಯುವಾಗ ಲಾನಿಗನ್ ಎಂಬ ಪೇದೆ ಅವನ ಮರ್ಮಸ್ಥಾನವನ್ನು ಹಿಡಿದು ಹಿಂಸಿಸಿದ. ಆ ಗದ್ದಲದಲ್ಲಿ ಫಿಟ್ಸ್‌ಪ್ಯಾಟ್ರಿಕ್ ಎಂಬ ಇನ್ನೊಬ್ಬ ಪೇದೆಯೂ ಇದ್ದ. ಈ ಎರಡು ಹೆಸರುಗಳ ಸುತ್ತ ಮುಂದಿನ ದುರಂತವೆಲ್ಲ ಹೆಣೆದುಕೊಂಡಿದೆ.

1878ರ ಏಪ್ರಿಲ್ 15ರಂದು ಫಿಟ್ಸ್‌ಪ್ಯಾಟ್ರಿಕ್ ನೆಡ್‌ನ ತಮ್ಮ ಡ್ಯಾನ್‌ನನ್ನು ಕುದುರೆಗಳ್ಳತನಕ್ಕಾಗಿ ಹಿಡಿಯಲು ಒಬ್ಬನೇ, ಕೈಯಲ್ಲಿ ವಾರಂಟಿಲ್ಲದೆ, ಕೆಲ್ಲಿಯ ಮನೆಗೆ ಹೋದ. ಒಳಗೆ ನಡೆದದ್ದೇನೆಂಬುದರಲ್ಲಿ ಇಂದಿಗೂ ಎರಡು ಮಾತು. ನೆಡ್ ಗುಂಡು ಹಾರಿಸಿ ತನ್ನ ಮಣಿಕಟ್ಟನ್ನು ಗಾಯಗೊಳಿಸಿದನೆಂದೂ, ಎಲೆನ್ ಸಲಿಕೆಯಿಂದ ತಲೆಗೆ ಹೊಡೆದಳೆಂದೂ ಪೇದೆಯ ಹೇಳಿಕೆ. ಅವನು ಮಗಳೊಡನೆ ಅಸಭ್ಯವಾಗಿ ನಡೆದನೆಂದೂ, ನೆಡ್ ಆ ಹೊತ್ತಿನಲ್ಲಿ ಅಲ್ಲಿ ಇರಲೇ ಇಲ್ಲವೆಂದೂ ಕೆಲ್ಲಿಗಳ ಕಡೆಯ ಮಾತು. ಈ ಪೇದೆ 1880ರಲ್ಲಿ ನಡತೆ ಕೆಟ್ಟದ್ದಕ್ಕಾಗಿ ನೌಕರಿಯಿಂದಲೇ ವಜಾ ಆದನೆಂಬುದು ಮಾತ್ರ ನಿರ್ವಿವಾದ. ಆದರೆ 1878ರ ಅಕ್ಟೋಬರಿನಲ್ಲಿ ಅವನ ಮಾತೇ ಸಾಕ್ಷ್ಯವಾಗಿ ನಿಂತಿತು. ನ್ಯಾಯಾಧೀಶ ಸರ್ ರೆಡ್ಮಂಡ್ ಬ್ಯಾರಿ ಎಲೆನಳಿಗೆ ಮೂರು ವರ್ಷದ ಶಿಕ್ಷೆ ವಿಧಿಸಿದ. ಅವಳ ಅಳಿಯನಿಗೂ ನೆರೆಯವನೊಬ್ಬನಿಗೂ ಆರಾರು ವರ್ಷ. ತಾಯಿ ಎಳೆಗೂಸನ್ನು ಎದೆಗವಚಿಕೊಂಡು ಸೆರೆಮನೆ ಸೇರಿದಳು. ನೆಡ್‌ನ ತಲೆಗೆ ನೂರು ಪೌಂಡು ಬಹುಮಾನ ಘೋಷಣೆಯಾಗಿತ್ತು. ಅವನೂ ಡ್ಯಾನನೂ ಬೆಟ್ಟಗಾಡಿನಲ್ಲಿ ಅಡಗಿದ್ದರು. ಜೋ ಬರ್ನ್, ಸ್ಟೀವ್ ಹಾರ್ಟ್ ಎಂಬ ಇನ್ನಿಬ್ಬರು ತರುಣರು ಅವರನ್ನು ಕೂಡಿಕೊಂಡರು. ನಾಲ್ವರಲ್ಲಿ ಹಿರಿಯನಾದ ನೆಡ್‌ಗೇ ಇಪ್ಪತ್ತನಾಲ್ಕು ತುಂಬಿರಲಿಲ್ಲ.

ಇಲ್ಲಿಯವರೆಗಿನ ಕಥೆಯನ್ನು ಕೇಳಿದ ಯಾರಿಗಾದರೂ ಆ ತರುಣನ ಮೇಲೆ ಕನಿಕರ ಹುಟ್ಟದಿರದು. ಸ್ಟ್ರಿಂಗಿಬಾರ್ಕ್ ಹಳ್ಳದ ದಂಡೆಯಲ್ಲಿ ಆ ಕನಿಕರ ಕಾಲು ಮುರಿದುಕೊಂಡು ಕುಳಿತುಬಿಡುತ್ತದೆ.

ಸಾರ್ಜೆಂಟ್ ಕೆನಡಿ, ಪೇದೆಗಳಾದ ಸ್ಕ್ಯಾನ್ಲನ್, ಲಾನಿಗನ್, ಮೆಕಿಂಟೈರ್ ಎಂಬ ನಾಲ್ವರು ಸಾದಾ ಉಡುಪಿನಲ್ಲಿ, ಒಳ್ಳೆಯ ಬಂದೂಕುಗಳೊಡನೆ, ಕೆಲ್ಲಿಗಳನ್ನು ಹುಡುಕುತ್ತ ಬಂದು ಆ ಹಳ್ಳದ ಬಳಿ ಡೇರೆ ಹಾಕಿದ್ದರು. ತಾವು ಅರಸುತ್ತಿದ್ದವರು ಸಮೀಪದಲ್ಲೇ ಇದ್ದಾರೆಂಬುದು ಅವರಿಗೆ ಗೊತ್ತಿಲ್ಲ. 1878ರ ಅಕ್ಟೋಬರ್ 26ರ ಸಂಜೆ ಕೆನಡಿಯೂ ಸ್ಕ್ಯಾನ್ಲನ್ನನೂ ಸುತ್ತಾಡಲು ಹೋಗಿದ್ದಾಗ, ಉಳಿದಿಬ್ಬರ ಮೇಲೆ ನಾಲ್ವರೂ ಬಂದೂಕು ಗುರಿಯಿಟ್ಟು ಎದ್ದು ನಿಂತರು. ಮೆಕಿಂಟೈರ್ ನಿರಾಯುಧ; ಕೈಯೆತ್ತಿದ. ಲಾನಿಗನ್ ಮರದ ದಿಮ್ಮಿಯ ಕಡೆಗೆ ಓಡಿದ. ನೆಡ್‌ನ ಗುಂಡು ಅವನ ಪ್ರಾಣ ತೆಗೆಯಿತು. ಬೆನಾಲದಲ್ಲಿ ತನ್ನನ್ನು ಹಿಂಸಿಸಿದ್ದ ಲಾನಿಗನ್ ಇವನೇ! ಹೊರಗೆ ಹೋಗಿದ್ದವರು ಮರಳಿ ಬಂದಾಗ ಶರಣಾಗಿರೆಂದು ಹೇಳಲು ಮೆಕಿಂಟೈರನನ್ನೇ ಮುಂದೆ ಮಾಡಿದರು. ಇದೇನು ತಮಾಷೆಯೋ ಎಂದು ಅವರು ಅರ್ಥ ಮಾಡಿಕೊಳ್ಳುವುದರೊಳಗೆ ಗುಂಡುಗಳು ಹಾರಿದವು. ಸ್ಕ್ಯಾನ್ಲನ್ ಬಿದ್ದ. ಮೆಕಿಂಟೈರ್ ಕೆನಡಿಯ ಕುದುರೆಯನ್ನು ಹಿಡಿದು ಏರಿ ತಪ್ಪಿಸಿಕೊಂಡು, ರಾತ್ರಿಯೆಲ್ಲ ಕಾಡುಪ್ರಾಣಿಯ ಬಿಲದಲ್ಲಿ ಅಡಗಿದ್ದು ಮರುದಿನ ಮ್ಯಾನ್ಸ್‌ಫೀಲ್ಡಿಗೆ ಸುದ್ದಿ ಮುಟ್ಟಿಸಿದ. ಕೆನಡಿ ಮರದಿಂದ ಮರಕ್ಕೆ ಸರಿಯುತ್ತ, ಗುಂಡು ಹಾರಿಸುತ್ತ ಹಿಂದೆಗೆದ. ಗಾಯಗೊಂಡು ಬಿದ್ದವನ ಎದೆಗೆ ನೆಡ್ ಹತ್ತಿರದಿಂದಲೇ ಮತ್ತೊಮ್ಮೆ ಹೊಡೆದ. ನರಳಾಟ ನೋಡಲಾರದೆ ಕರುಣೆಯಿಂದ ಹಾಗೆ ಮಾಡಿದೆನೆಂದು ಮುಂದೆ ಹೇಳಿಕೊಂಡ. ಹೆಣದ ಮೇಲೆ ಒಂದು ಹೊದಿಕೆಯನ್ನು ಹೊದಿಸಿದ. ಆದರೆ ಸತ್ತವನ ಗಡಿಯಾರವನ್ನು ಬಿಟ್ಟುಬರಲಿಲ್ಲ.

ಕೆನಡಿಗೂ ಲಾನಿಗನ್ನನಿಗೂ ಹೆಂಡಿರು ಮಕ್ಕಳಿದ್ದರು. ಸತ್ತ ಮೂವರೂ ಕೆಲ್ಲಿಯ ತಂದೆಯಂತೆಯೇ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡವರ ಮಕ್ಕಳು. ನಾನು ತರಗತಿಯಲ್ಲಿ ಲಾವಣಿಗಳನ್ನು ಪಾಠ ಹೇಳುವಾಗ ಗಮನಿಸಿದ್ದೇನೆ: ಹಾಡು ತನ್ನ ನಾಯಕನ ತಾಯಿಯನ್ನು ಎಂದೂ ಮರೆಯುವುದಿಲ್ಲ, ಅವನ ಕೈಯಲ್ಲಿ ಸತ್ತವನ ತಾಯಿಗೆ ಅದರಲ್ಲಿ ಒಂದು ನುಡಿಯೂ ಸಿಕ್ಕುವುದಿಲ್ಲ. ಕೆಲ್ಲಿಯ ಮೇಲೆ ಕಟ್ಟಿದ ಹಾಡುಗಳೂ ಇದಕ್ಕೆ ಹೊರತಲ್ಲ.

ಸರ್ಕಾರ ಅವಸರದಿಂದ ಹೊಸ ಶಾಸನವೊಂದನ್ನು ಮಾಡಿ, ನವೆಂಬರ್ 15ರಂದು ನಾಲ್ವರನ್ನೂ ಕಾನೂನಿನ ಆಶ್ರಯದಿಂದ ಹೊರಗಿಟ್ಟಿತು. ಇನ್ನು ಯಾರು ಬೇಕಾದರೂ ಅವರನ್ನು ಕಂಡಲ್ಲಿ ಕೊಲ್ಲಬಹುದು. ಡಿಸೆಂಬರ್ 10ರಂದು ಯುರೋವಾ ಊರಿನ ಬ್ಯಾಂಕು ಲೂಟಿಯಾಯಿತು. ಎರಡು ಸಾವಿರ ಪೌಂಡಿಗೂ ಮೇಲ್ಪಟ್ಟ ಹಣ. ಒಂದು ಗುಂಡೂ ಹಾರಲಿಲ್ಲ. ಒತ್ತೆಯಾಳುಗಳ ಮುಂದೆ ಈ ಹುಡುಗರು ಕುದುರೆ ಸವಾರಿಯ ಚಮತ್ಕಾರಗಳನ್ನು ತೋರಿಸಿ ರಂಜಿಸಿದರು. ಪೋಲೀಸರು ಇದಕ್ಕೆ ಕೊಟ್ಟ ಉತ್ತರ ಬಹಳ ಅವಿವೇಕದ್ದು. 1879ರ ಜನವರಿಯಲ್ಲಿ ಕೆಲ್ಲಿಯ ಹಿತೈಷಿಗಳೆಂಬ ಗುಮಾನಿಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಒಕ್ಕಲುಗಳನ್ನು, ಸುಗ್ಗಿಯ ಕಾಲದಲ್ಲಿ, ಸಾಕ್ಷ್ಯವಿಲ್ಲದೆ ಹಿಡಿದು, ವಾರದಿಂದ ವಾರಕ್ಕೆ ಮುಂದೂಡುತ್ತ ಏಪ್ರಿಲ್‌ವರೆಗೆ ಕೂಡಿಟ್ಟರು. ಹಿತೈಷಿಗಳಲ್ಲದವರೂ ಹಿತೈಷಿಗಳಾಗಲು ಇದು ಸಾಕಾಯಿತು.

ಫೆಬ್ರವರಿಯಲ್ಲಿ ತಂಡ ಗಡಿ ದಾಟಿ ನ್ಯೂ ಸೌತ್ ವೇಲ್ಸಿನ ಜೆರಿಲ್ಡರಿಗೆ ನುಗ್ಗಿತು. ಊರಿನ ಇಬ್ಬರು ಪೋಲೀಸರನ್ನು ಅವರದೇ ಲಾಕಪ್ಪಿಗೆ ನೂಕಿ, ಅವರದೇ ಸಮವಸ್ತ್ರ ತೊಟ್ಟು, ಬ್ಯಾಂಕಿನಿಂದ 2,141 ಪೌಂಡು ಎತ್ತಿದರು. ಸಾಲದ ಪತ್ರಗಳನ್ನು ಸುಟ್ಟರು. ಆದರೆ ನೆಡ್ ಅಲ್ಲಿಗೆ ಬಂದದ್ದು ಹಣಕ್ಕಾಗಿ ಮಾತ್ರವಲ್ಲ. ಅವನು ಹೇಳಿ ಜೋ ಬರ್ನ್‌ನಿಂದ ಬರೆಯಿಸಿದ ಸುಮಾರು ಎಂಟು ಸಾವಿರ ಮಾತುಗಳ ದೀರ್ಘ ಪತ್ರವೊಂದು ಅವನ ಬಳಿಯಿದ್ದಿತು. ಅದನ್ನು ಅಚ್ಚು ಹಾಕಿಸಬೇಕೆಂದು ಊರಿನ ಪತ್ರಿಕೆಯವನನ್ನು ಹುಡುಕಿದರೆ ಅವನು ಹೆದರಿ ಓಡಿಹೋಗಿದ್ದ. ಕೊನೆಗೆ ಬ್ಯಾಂಕಿನ ಗುಮಾಸ್ತನ ಕೈಗೆ ಕೊಟ್ಟು ಬಂದ. ಅದು ಅವನ ಜೀವಿತದಲ್ಲಿ ಅಚ್ಚಾಗಲೇ ಇಲ್ಲ. ಪೂರ್ಣವಾಗಿ ಬೆಳಕು ಕಂಡದ್ದು 1930ರಲ್ಲಿ.

ಭಾಷೆಯನ್ನು ಪಾಠ ಹೇಳುವವನಾಗಿ ಈ ಪತ್ರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ವಿರಾಮಚಿಹ್ನೆಗಳ ಗೊಡವೆಯಿಲ್ಲ. ಉಸಿರು ಕಟ್ಟಿಸುವ ವಾಕ್ಯಗಳು ಒಂದರ ಬಾಲವನ್ನು ಇನ್ನೊಂದು ಹಿಡಿದು ಓಡುತ್ತವೆ. ಬೈಗುಳ, ಹಾಸ್ಯ, ಅಳಲು ಎಲ್ಲ ಒಂದೇ ಪ್ರವಾಹದಲ್ಲಿ. ಪೀಟರ್ ಕ್ಯಾರಿ ಎಂಬ ಕಾದಂಬರಿಕಾರ 2000ದಲ್ಲಿ ಈ ಧ್ವನಿಯನ್ನೇ ಆಧರಿಸಿ ನೆಡ್‌ನ ಬಾಯಿಂದಲೇ ಒಂದು ಕಾದಂಬರಿಯನ್ನು ಹೇಳಿಸಿದ. ಅದಕ್ಕೆ ಮರುವರ್ಷ ಬೂಕರ್ ಪ್ರಶಸ್ತಿ ಬಂದಿತು. ಶೈಲಿಯ ಮೋಹವನ್ನು ಬದಿಗಿಟ್ಟು ವಿಷಯವನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಪತ್ರದ ಮೊದಲಲ್ಲಿ ಅವನ ದೂರು ನಿರ್ದಿಷ್ಟ: ಹಾಲ್ ಹೀಗೆ ಹೊಡೆದ, ಫಿಟ್ಸ್‌ಪ್ಯಾಟ್ರಿಕ್ ಹೀಗೆ ಸುಳ್ಳಾಡಿದ, ತಾಯಿಗೆ ಅನ್ಯಾಯವಾಯಿತು. ಹಾಳೆಗಳು ಮುಂದುವರಿದಂತೆ ಹೆಸರುಗಳು ಕರಗುತ್ತವೆ. ಐರ್ಲೆಂಡಿನ ಹಳೆಯ ದುಃಖವೆಲ್ಲ ಎದ್ದು ಬರುತ್ತದೆ. ಸಮವಸ್ತ್ರ ತೊಟ್ಟ ಪ್ರತಿಯೊಬ್ಬ ಐರಿಷನೂ ಕುಲದ್ರೋಹಿಯಾಗುತ್ತಾನೆ. ಕೊನೆಗೆ ಪೋಲೀಸರಿಗೆ ಸಹಾಯ ಮಾಡಿದ ಯಾರನ್ನೂ ಬಿಡುವುದಿಲ್ಲವೆಂದೂ, ಇರುವೆಯ ಗೂಡಿನ ಮೇಲೆ ಕಟ್ಟಿ ಹಿಂಸಿಸುವುದಾಗಿಯೂ ಬೆದರಿಕೆ. ಶ್ರೀಮಂತರು ನೂರಕ್ಕೆ ಹತ್ತರಂತೆ ಗ್ರೀಟಾದ ವಿಧವೆಯರಿಗೂ ಅನಾಥರಿಗೂ ಕೊಡಬೇಕೆಂದು ಅಪ್ಪಣೆ. ಕುದುರೆಗಳ್ಳನು ಉಗ್ರಗಾಮಿಯಾದದ್ದು ಈ ಪತ್ರದ ಹಾಳೆಗಳ ನಡುವೆಯೇ. ಅವನ ದ್ವೇಷ ಈಗ ವ್ಯಕ್ತಿಯನ್ನು ಬಿಟ್ಟು ಬಟ್ಟೆಯನ್ನು ಹಿಡಿದಿತ್ತು.

ಈಶಾನ್ಯ ವಿಕ್ಟೋರಿಯಾದಲ್ಲಿ ಒಂದು ಗಣರಾಜ್ಯವನ್ನೇ ಸ್ಥಾಪಿಸಲು ಅವನು ಹೊರಟಿದ್ದನೆಂದು ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ಬಾಯಿಮಾತಿನ ಪರಂಪರೆಯ ಹೊರತು ಅದಕ್ಕೆ ಬರಹದ ಆಧಾರ ಸಿಕ್ಕಿಲ್ಲ. ಬೇರೆ ಕೆಲವರು ಅದನ್ನು ಪೂರ್ಣವಾಗಿ ತಳ್ಳಿಹಾಕಿದ್ದಾರೆ. ನನಗೂ ಅದು ನಂಬಲು ಕಷ್ಟವೆನಿಸುತ್ತದೆ. ದ್ವೇಷಕ್ಕೆ ಅವನ ಬಳಿ ಎಂಟು ಸಾವಿರ ಮಾತುಗಳಿದ್ದವು. ಗೆದ್ದಮೇಲೆ ನಾಡನ್ನು ಹೇಗೆ ಆಳುವೆನೆಂಬುದಕ್ಕೆ ಆ ದಶಾಂಶದ ಅಪ್ಪಣೆಯೊಂದನ್ನು ಬಿಟ್ಟರೆ ಏನಿದ್ದಿತು?

ಬಹುಮಾನ ಎಂಟು ಸಾವಿರ ಪೌಂಡಿಗೆ ಏರಿತು. ಕ್ವೀನ್ಸ್‌ಲೆಂಡಿನಿಂದ ಹೆಜ್ಜೆಗುರುತು ಹಿಡಿಯುವುದರಲ್ಲಿ ನಿಪುಣರಾದ ಆದಿವಾಸಿಗಳನ್ನು ಕರೆಸಿದರು. ನೆಡ್ ನಿಜವಾಗಿ ಅಂಜುತ್ತಿದ್ದುದು ಅವರಿಗೆ. ಆದರೂ ಒಂದು ವರ್ಷಕ್ಕೂ ಮೇಲ್ಪಟ್ಟು ತಂಡದ ಸುಳಿವಿಲ್ಲ. 1880ರ ಮೊದಲ ತಿಂಗಳುಗಳಲ್ಲಿ ಊರುಗಳಿಂದ ನೇಗಿಲಿನ ಭಾಗಗಳು ಕಾಣೆಯಾಗತೊಡಗಿದವು. ಮಣ್ಣನ್ನು ಮಗುಚಿಹಾಕುವ ದಪ್ಪನೆಯ ಕಬ್ಬಿಣದ ಹಲಗೆಗಳವು. ಕಾಡಿನ ಕುಲುಮೆಯಲ್ಲಿ ಅವನ್ನು ಕಾಯಿಸಿ ಬಡಿದು ಎದೆಗೆ, ಬೆನ್ನಿಗೆ, ತಲೆಗೆ ಕವಚಗಳನ್ನು ಮಾಡಿದರು. ನೆಡ್‌ನ ಕವಚದ ತೂಕ ಸುಮಾರು 44 ಕಿಲೋ. ಉಳುವ ಕಬ್ಬಿಣವನ್ನು ಯುದ್ಧದ ಕಬ್ಬಿಣವಾಗಿ ಬಡಿದ ಆ ಕುಲುಮೆಯ ಬೆಂಕಿಯನ್ನು ನೆನೆದಾಗಲೆಲ್ಲ ನನಗೆ ವಿಷಾದವಾಗುತ್ತದೆ.

ಹಂಚಿಕೆ ಹೀಗಿತ್ತು. ಮೊದಲು ಬೀಚ್‌ವರ್ತ್ ಬಳಿ ಏರನ್ ಶೆರಿಟ್ ಎಂಬವನನ್ನು ಕೊಲ್ಲುವುದು. ಅವನು ಜೋ ಬರ್ನ್‌ನ ಬಾಲ್ಯಸ್ನೇಹಿತ. ಪೋಲೀಸರಿಂದ ಹಣ ಪಡೆಯುತ್ತಿದ್ದವನು. ಕೊಲೆಯ ಸುದ್ದಿ ಕೇಳಿ ಮೆಲ್ಬೋರ್ನಿನಿಂದ ವಿಶೇಷ ರೈಲಿನಲ್ಲಿ ಪೋಲೀಸರು ಧಾವಿಸುತ್ತಾರೆ. ಗ್ಲೆನ್‌ರೋವನ್ ದಾಟಿ, ಹಾದಿ ತಿರುಗುವ ಏರಿಯ ಮೇಲೆ ಹಳಿಗಳನ್ನು ಕಿತ್ತಿಟ್ಟರೆ ಗಾಡಿ ಕೆಳಗೆ ಉರುಳುತ್ತದೆ. ಬದುಕುಳಿದವರಿಗೆ ಕವಚಧಾರಿಗಳ ಬಂದೂಕು. ಜೂನ್ 26ರ ರಾತ್ರಿ ಜೋ, ನೆರೆಯವನೊಬ್ಬನಿಂದ ಬಾಗಿಲಲ್ಲಿ ಕೂಗಿಸಿ, ಶೆರಿಟ್‌ನನ್ನು ಅವನ ಬಸುರಿ ಹೆಂಡತಿಯ ಕಣ್ಣೆದುರಿನಲ್ಲೇ ಗುಂಡಿಟ್ಟು ಕೊಂದ. ಅವನ ರಕ್ಷಣೆಗೆಂದು ಗುಡಿಸಲಲ್ಲೇ ಇದ್ದ ನಾಲ್ವರು ಪೇದೆಗಳು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಬೆಳಗಾಗುವವರೆಗೂ ಬರಲಿಲ್ಲ! ಅವರ ಹೇಡಿತನವೇ ನೆಡ್‌ನ ಲೆಕ್ಕಾಚಾರವನ್ನು ಕೆಡಿಸಿತು. ಸುದ್ದಿ ಅಷ್ಟು ತಡವಾಗಿ ಹೊರಟಿತು. ರೈಲು ಮೆಲ್ಬೋರ್ನನ್ನು ಬಿಟ್ಟದ್ದು ಭಾನುವಾರ ರಾತ್ರಿ.

ಆ ಗಾಡಿಯಲ್ಲಿ ಪೋಲೀಸರಲ್ಲದೆ ಪತ್ರಿಕೆಯ ವರದಿಗಾರರೂ, ಒಬ್ಬ ಅಧಿಕಾರಿಯ ಹೆಂಡತಿಯೂ, ಅವಳ ತಂಗಿಯೂ ಇದ್ದರು. ಹಳಿ ಕಿತ್ತ ಜಾಗಕ್ಕೆ ಗಾಡಿ ಮುಟ್ಟಿದ್ದರೆ ಕೆಲ್ಲಿಯ ಹೆಸರು ಇಂದು ಯಾವ ಹಾಡಿನಲ್ಲಿರುತ್ತಿತ್ತೋ!

ಗ್ಲೆನ್‌ರೋವನ್ನಿನಲ್ಲಿ ತಂಡ ಭಾನುವಾರವೆಲ್ಲ ಕಾದಿತು. ಊರಿನ ಅರುವತ್ತು ಮಂದಿಯಷ್ಟು ಗಂಡಸರು ಹೆಂಗಸರು ಮಕ್ಕಳನ್ನು ಆನ್ ಜೋನ್ಸ್ ಎಂಬವಳ ಹೋಟೆಲಿನಲ್ಲಿ ಕೂಡಿಹಾಕಿ, ಕುಡಿತ ಕುಣಿತಗಳಲ್ಲಿ ಹೊತ್ತು ಕಳೆಯಿತು. ಅವರ ನಡುವೆ ಥಾಮಸ್ ಕರ್ನೋ ಎಂಬ ಶಾಲೆಯ ಉಪಾಧ್ಯಾಯನಿದ್ದ, ಕಾಲು ಕುಂಟು. ನೆಡ್‌ನ ವಿಶ್ವಾಸ ಸಂಪಾದಿಸಿ, ಹೆಂಡತಿ ಮಗುವಿನೊಡನೆ ಮನೆಗೆ ಹೋಗಲು ಅಪ್ಪಣೆ ಪಡೆದ. ಮನೆಯಲ್ಲಿ ಹೆಂಡತಿ ಅತ್ತು ತಡೆದರೂ ಕೇಳದೆ, ರಾತ್ರಿ ಹಳಿಯ ಬದಿಗೆ ಹೋಗಿ, ಮೇಣದಬತ್ತಿಯ ಮುಂದೆ ಕೆಂಪು ವಸ್ತ್ರವನ್ನು ಹಿಡಿದು ಗಾಡಿಯನ್ನು ನಿಲ್ಲಿಸಿದ. ಕೆಲ್ಲಿಯ ಕಥೆಯಲ್ಲಿ ವೀರನೊಬ್ಬನನ್ನು ಆರಿಸಲೇಬೇಕೆಂದರೆ ನಾನು ಈ ಕುಂಟ ಮೇಷ್ಟರನ್ನು ಆರಿಸಿಯೇನು. ಜಾತ್ಯಭಿಮಾನವೆಂದು ವಾಚಕರು ನಕ್ಕರೂ ಚಿಂತೆಯಿಲ್ಲ. ಅವನಿಗೆ ಬಹುಮಾನದಲ್ಲಿ ಪಾಲು ಬಂದಿತು. ಆದರೆ ಆ ಊರಿನಲ್ಲಿ ಬಾಳುವುದು ಸಾಧ್ಯವಾಗದೆ ದೂರ ಹೋಗಿ ಪಾಠ ಹೇಳಬೇಕಾಯಿತು.

ಸೋಮವಾರ ನಸುಕಿನ ಮೂರರ ಸುಮಾರಿಗೆ ಪೋಲೀಸರು ಹೋಟೆಲನ್ನು ಸುತ್ತಿದರು. ಒಳಗೆ ಮಕ್ಕಳಿದ್ದಾರೆಂಬ ಎಚ್ಚರವಿಲ್ಲದೆ ಹಲಗೆ ಗೋಡೆಯ ಮೇಲೆ ಗುಂಡಿನ ಮಳೆ ಕರೆದರು. ಹೋಟೆಲಿನವಳ ಹದಿಮೂರು ವರ್ಷದ ಮಗ ಜಾನ್, ಮಾರ್ಟಿನ್ ಚೆರಿ ಎಂಬ ಮುದುಕ, ಇಬ್ಬರೂ ಗುಂಡೇಟಿನಿಂದ ಸತ್ತರು. ಗಾಯಗೊಂಡ ಇನ್ನೊಬ್ಬ ಮುಂದೆ ಸತ್ತ. ತೊಡೆಯ ಸಂದಿಗೆ ತಾಗಿದ ಗುಂಡಿನಿಂದ ಜೋ ಬರ್ನ್ ಬಿದ್ದ. ನೆಡ್ ಮೊದಲ ಕಾಳಗದಲ್ಲೇ ಕೈಕಾಲಿಗೆ ಗಾಯ ತಿಂದು, ಹೋಟೆಲಿನ ಹಿಂದಿನ ಕಾಡಿನಲ್ಲಿ ಮರೆಯಾಗಿದ್ದ. ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಬೆಳಗಿನ ಮಂಜಿನಲ್ಲಿ ಕವಚ ತೊಟ್ಟು ಒಬ್ಬನೇ ಪೋಲೀಸರ ಬೆನ್ನ ಹಿಂದಿನಿಂದ ನಡೆದು ಬಂದ. ಎದೆಗೆ ಹೊಡೆದ ಗುಂಡುಗಳು ಟಣ್ಣೆಂದು ಚಿಮ್ಮಿದವು. ಏನೋ ಭೂತವೆಂದು ಕಂಡವರಿದ್ದರು. ಅರ್ಧಗಂಟೆಯ ಕಾಲ ಹಾಗೆ ಕಾದಾಡಿದವನನ್ನು ಸಾರ್ಜೆಂಟ್ ಸ್ಟೀಲ್ ಕವಚವಿಲ್ಲದ ಕಾಲುಗಳಿಗೆ ಹೊಡೆದು ಕೆಡವಿದ. ಗಣರಾಜ್ಯಕ್ಕಾಗಿ ಮರಳಿ ಬಂದನೆನ್ನುವವರು ಎನ್ನಲಿ. ಒಳಗೆ ತಮ್ಮನಿದ್ದ, ಅದಕ್ಕಾಗಿ ಬಂದ ಎಂದೇ ನನ್ನ ನಂಬಿಕೆ. ಕವಚವನ್ನು ಬಿಚ್ಚಿದಾಗ ಒಳಗೆ ಸೊಂಟಕ್ಕೆ ಸುತ್ತಿದ್ದ ಹಸಿರು ರೇಷ್ಮೆಯ ಪಟ್ಟಿ ರಕ್ತದಲ್ಲಿ ನೆನೆದಿತ್ತು. ಅದು ಈಗ ಬೆನಾಲದ ವಸ್ತುಸಂಗ್ರಹಾಲಯದಲ್ಲಿದೆ.

ಮಧ್ಯಾಹ್ನ ಪೋಲೀಸರು ಹೋಟೆಲಿಗೆ ಬೆಂಕಿಯಿಟ್ಟರು. ಗಿಬ್ನಿ ಎಂಬ ಪಾದ್ರಿ ಉರಿಯ ನಡುವೆಯೇ ಒಳನುಗ್ಗಿ ನೋಡಿದಾಗ ಡ್ಯಾನನೂ ಸ್ಟೀವನೂ ಅದಾಗಲೇ ಹೆಣಗಳಾಗಿದ್ದರು.

ಅಕ್ಟೋಬರ್ 28, 29ರಂದು ಮೆಲ್ಬೋರ್ನಿನಲ್ಲಿ ವಿಚಾರಣೆ. ನ್ಯಾಯಪೀಠದಲ್ಲಿ, ಅವನ ತಾಯಿಯನ್ನು ಸೆರೆಗೆ ಕಳಿಸಿದ ಅದೇ ಬ್ಯಾರಿ. ಕೆಲ್ಲಿಯ ಪರವಾಗಿ ನಿಂತ ವಕೀಲ ಅನುಭವವಿಲ್ಲದವನು. ಲಾನಿಗನ್ನನ ಕೊಲೆಗಾಗಿ ಮರಣದಂಡನೆಯಾಯಿತು. ತೀರ್ಪಿನ ಬಳಿಕ ಅಪರಾಧಿಯೂ ನ್ಯಾಯಾಧೀಶನೂ ಎದುರುಬದುರಾಗಿ ವಾದಕ್ಕೆ ಬಿದ್ದದ್ದು, ನಾವಿಬ್ಬರೂ ಆಚೆಯ ಲೋಕದಲ್ಲಿ ಸಂಧಿಸುವೆವೆಂದು ಕೆಲ್ಲಿ ನುಡಿದದ್ದು ಪ್ರಸಿದ್ಧವಾಗಿದೆ. ಪ್ರಾಣಭಿಕ್ಷೆಗಾಗಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು, ಸರ್ಕಾರ ಮಣಿಯಲಿಲ್ಲ. ಎಲೆನ್ ಆಗ ಅದೇ ಸೆರೆಮನೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು. ಹಿಂದಿನ ದಿನ ಮಗನನ್ನು ಕಂಡು ಬಂದಳು. ನವೆಂಬರ್ 11ರ ಬೆಳಿಗ್ಗೆ ಅವನನ್ನು ನೇಣಿಗೇರಿಸಿದರು. ಕೊನೆಯಲ್ಲಿ ಅವನು ಆಡಿದನೆಂದು ಎಲ್ಲರೂ ಹೇಳುವ ಮಾತನ್ನು ಅವನು ಆಡಿದನೋ ಇಲ್ಲವೋ ಎಂಬುದೇ ಸಂದೇಹ. ಹನ್ನೆರಡು ದಿನಗಳಲ್ಲಿ, ನವೆಂಬರ್ 23ರಂದು, ಬ್ಯಾರಿಯೂ ತೀರಿಕೊಂಡ.

1881ರಲ್ಲಿ ಕುಳಿತ ರಾಜಾಜ್ಞೆಯ ಆಯೋಗ ಪೋಲೀಸು ಇಲಾಖೆಯ ಹಲವು ಅಧಿಕಾರಿಗಳ ಅಸಾಮರ್ಥ್ಯವನ್ನು ಬಯಲಿಗೆಳೆಯಿತು. 1906ರಲ್ಲಿ ಕೆಲ್ಲಿ ತಂಡದ ಕಥೆ ಚಲನಚಿತ್ರವಾಯಿತು. ಪ್ರಪಂಚದ ಮೊತ್ತಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಅದಕ್ಕೆ ಮನ್ನಣೆ.

ಇಷ್ಟೆಲ್ಲ ಮುಗಿದ ಮೇಲೆ ಗ್ರೀಟಾ ಸೀಮೆ ಮತ್ತೊಮ್ಮೆ ಸಿಡಿಯುವುದೆಂದು ಎಲ್ಲರೂ ಅಂಜಿದ್ದರು. ಸಿಡಿಯಲಿಲ್ಲ. 1881ರಲ್ಲಿ ಎಲೆನ್ ಬಿಡುಗಡೆಯಾಗಿ ಮನೆಗೆ ಬಂದಳು. ಆ ಹೊತ್ತಿಗೆ ಊರಿನ ಠಾಣೆಗೆ ರಾಬರ್ಟ್ ಗ್ರಹಾಂ ಎಂಬ ಪೇದೆ ಬಂದಿದ್ದ. ಅವನು ಬಂದೂಕು ಹಿಡಿಯದೆ ಅವಳ ಮನೆ ಬಾಗಿಲಿಗೆ ಹೋದ, ಕುಳಿತು ಮಾತನಾಡಿದ, ಕೆಲ್ಲಿಯ ಬಂಧುಗಳನ್ನು ಮರ್ಯಾದೆಯಿಂದ ಕಂಡ. ಅವಳು ತನ್ನವರನ್ನು ಸುಮ್ಮನಿರಿಸಿದಳು. ಸೆರೆಮನೆಯ ರುಚಿ ಕಂಡಿದ್ದ ಇನ್ನೊಬ್ಬ ಮಗ ಜಿಮ್ ತಾಯಿಯನ್ನು ಸಾಕುತ್ತ, ಊರಿನ ಮರ್ಯಾದಸ್ಥನಾಗಿ 1946ರವರೆಗೆ ಬಾಳಿದ. ಎಲೆನ್ 1923ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ ಕಣ್ಮುಚ್ಚಿದಳು. ಸೆರೆಮನೆಯ ಅಂಗಳದಿಂದ ಅಂಗಳಕ್ಕೆ ಸಾಗಿಸಲ್ಪಟ್ಟ ನೆಡ್‌ನ ಎಲುಬುಗಳನ್ನು 2011ರಲ್ಲಿ ವಿಜ್ಞಾನಿಗಳು ಗುರುತಿಸಿದರು. 2013ರ ಜನವರಿಯಲ್ಲಿ ಗ್ರೀಟಾದ ಸ್ಮಶಾನದಲ್ಲಿ ತಾಯಿಯ ಬಳಿ, ಹೆಸರು ಕೆತ್ತದ ಗೋರಿಯಲ್ಲಿ ಮಣ್ಣುಮಾಡಿದರು. ತಲೆಬುರುಡೆ ಮಾತ್ರ ಸಿಕ್ಕಿಲ್ಲ.